ಒಂದು ಭಾಗ ತೆಗೆದರೆ ನಿಂತುಹೋಗುವ ಅಂಗಕ್ಕೆ ವಿನ್ಯಾಸಕಾರ ಬೇಕೆ?

ಪ್ರಶ್ನೆ: ಬ್ಯಾಕ್ಟೀರಿಯಾಗಳು ಈಜಲು ಬಳಸುವ ಕಶಾಂಗವು ಹತ್ತಾರು ಬಗೆಯ ಪ್ರೋಟೀನುಗಳಿಂದಾದ ಪುಟ್ಟ ಮೋಟಾರು, ಅದರಲ್ಲಿ ಒಂದು ಭಾಗ ಇಲ್ಲದಿದ್ದರೂ ಅದು ಕೆಲಸ ಮಾಡುವುದಿಲ್ಲ ಎಂದು ಓದಿದೆ. ಅರ್ಧ ಮೋಟಾರಿನಿಂದ ಪ್ರಯೋಜನವೇ ಇಲ್ಲದಿರುವಾಗ ಅದು ಹಂತಹಂತವಾಗಿ ರೂಪುಗೊಂಡಿತು ಎನ್ನುವುದು ಹೇಗೆ? ಒಂದೇ ಒಂದು ಪ್ರೋಟೀನು ಆಕಸ್ಮಿಕವಾಗಿ ಉಂಟಾಗುವ ಸಂಭವವೂ ಇಲ್ಲವೆನ್ನುವಷ್ಟು ಕಡಿಮೆಯಂತೆ. ಹೀಗಿದ್ದೂ ಜೀವಿಗಳ ಹಿಂದೆ ಒಂದು ಬುದ್ಧಿಶಕ್ತಿಯಿದೆ ಎಂಬುದನ್ನು ವಿಜ್ಞಾನ ಏಕೆ ಒಪ್ಪುವುದಿಲ್ಲ?

ಉತ್ತರ: ಜೀವಿಗಳ ಒಳರಚನೆಯನ್ನು ನೋಡಿದವರಿಗೆ ಇದನ್ನು ಯಾರೋ ಯೋಚಿಸಿಯೇ ಮಾಡಿರಬೇಕು ಎನಿಸುವುದು ಸಹಜ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಈ ಅನಿಸಿಕೆಗೆ ತರ್ಕದ ರೂಪ ಕೊಟ್ಟರು. ಬಯಲಿನಲ್ಲಿ ಬಿದ್ದಿರುವ ಗಡಿಯಾರವನ್ನು ಕಂಡವರು ಅದನ್ನು ಮಾಡಿದವನೊಬ್ಬ ಇದ್ದಾನೆಂದು ತೀರ್ಮಾನಿಸುವಂತೆ, ಕಣ್ಣಿನಂತಹ ಅಂಗವನ್ನು ಕಂಡವರೂ ತೀರ್ಮಾನಿಸಬೇಕು ಎಂಬುದು ಅವರ ವಾದವಾಗಿತ್ತು. 1859ರಲ್ಲಿ ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಮಂಡಿಸಿದ ಚಾರ್ಲ್ಸ್ ಡಾರ್ವಿನ್ ತಮ್ಮ ಸಿದ್ಧಾಂತಕ್ಕೆ ತಾವೇ ಒಂದು ಪರೀಕ್ಷೆಯನ್ನು ಒಡ್ಡಿಕೊಂಡರು: ಸಣ್ಣಸಣ್ಣ ಬದಲಾವಣೆಗಳ ಸರಣಿಯಿಂದ ಉಂಟಾಗಲು ಸಾಧ್ಯವೇ ಇಲ್ಲದ ಒಂದು ಅಂಗವನ್ನು ಯಾರಾದರೂ ತೋರಿಸಿಕೊಟ್ಟರೆ ತಮ್ಮ ಸಿದ್ಧಾಂತ ಮುರಿದುಬೀಳುತ್ತದೆ ಎಂದರು. ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ 1996ರಲ್ಲಿ ಈ ಸವಾಲನ್ನೇ ಕೈಗೆತ್ತಿಕೊಂಡು, ಯಾವುದೇ ಒಂದು ಭಾಗವನ್ನು ತೆಗೆದರೂ ಕೆಲಸ ನಿಲ್ಲಿಸುವ ವ್ಯವಸ್ಥೆಗಳನ್ನು ‘ಕುಗ್ಗಿಸಲಾಗದ ಸಂಕೀರ್ಣತೆ’ ಉಳ್ಳವು ಎಂದು ಕರೆದರು. ನೀವು ಓದಿರುವ ಕಶಾಂಗದ ಉದಾಹರಣೆ ಪ್ರಸಿದ್ಧವಾದದ್ದು ಅವರಿಂದಲೇ.

ಬೀಹಿಯವರು ಗಮನಿಸಿದ್ದರಲ್ಲಿ ತಪ್ಪಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಶಾಂಗಕ್ಕೆ ಸಂಬಂಧಿಸಿದ ಹಲವು ಜೀನುಗಳಲ್ಲಿ ಒಂದನ್ನು ನಿಷ್ಕ್ರಿಯಗೊಳಿಸಿದರೂ ಬ್ಯಾಕ್ಟೀರಿಯಾ ಈಜಲಾರದು. ಆದರೆ ಒಂದು ಭಾಗ ಇಂದು ಅನಿವಾರ್ಯವಾಗಿದೆ ಎಂಬುದರಿಂದ ಅದು ಎಂದೆಂದೂ ಅನಿವಾರ್ಯವಾಗಿತ್ತು ಎಂದಾಗಲಿ, ಆರಂಭದಿಂದಲೂ ಇದೇ ಕೆಲಸವನ್ನು ಮಾಡುತ್ತಿತ್ತು ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಇಡೀ ವಾದ ಈ ಎರಡು ಊಹೆಗಳ ಮೇಲೆಯೇ ನಿಂತಿದೆ, ಮತ್ತು ಎರಡನ್ನೂ ಪರಿಶೀಲಿಸಿ ನೋಡಬಹುದು.

ಮೊದಲನೆಯದನ್ನು ನೋಡೋಣ. ಶ್ವಾಸಕೋಶವುಳ್ಳ ಮೀನುಗಳು ಇಂದಿಗೂ ಕೆಲವು ಉಳಿದುಕೊಂಡಿವೆ. ಅವುಗಳಲ್ಲಿ ಆಸ್ಟ್ರೇಲಿಯಾದ ಮೀನು ಸಾಮಾನ್ಯವಾಗಿ ಕಿವಿರುಗಳಿಂದಲೇ ಉಸಿರಾಡುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಅಥವಾ ಹೆಚ್ಚು ಶ್ರಮ ಬಿದ್ದಾಗ ಮೇಲಕ್ಕೆ ಬಂದು ಗಾಳಿ ನುಂಗುತ್ತದೆ. ಅದಕ್ಕೆ ಶ್ವಾಸಕೋಶವೆಂಬುದು ಒಂದು ಹೆಚ್ಚುವರಿ ಅನುಕೂಲ. ಅದರ ಸಂಬಂಧಿಯಾದ ಆಫ್ರಿಕಾದ ಮೀನಿನಲ್ಲಿ ಕಿವಿರುಗಳು ಎಷ್ಟು ಕುಗ್ಗಿವೆಯೆಂದರೆ, ನೀರಿನ ಮೇಲ್ಮೈಗೆ ಬರಲು ಬಿಡದಿದ್ದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ನೆಲದ ಮೇಲೆ ಬದುಕುವ ನಮಗಂತೂ ಶ್ವಾಸಕೋಶವಿಲ್ಲದೆ ಕೆಲವು ನಿಮಿಷಗಳೂ ಸಾಗುವುದಿಲ್ಲ. ಅನುಕೂಲವಾಗಿ ಬಂದದ್ದನ್ನು ನೆಚ್ಚಿಕೊಂಡು ದೇಹದ ಉಳಿದ ಭಾಗಗಳು ಬದಲಾದಂತೆ ಅದೇ ಅನಿವಾರ್ಯವಾಗಿಬಿಡುತ್ತದೆ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ತಳಿವಿಜ್ಞಾನಿ ಹರ್ಮನ್ ಮುಲ್ಲರ್ 1918ರಷ್ಟು ಹಿಂದೆಯೇ ಇದನ್ನು ವಿವರಿಸಿ, ವಿಕಾಸದ ಪ್ರಕ್ರಿಯೆಯಿಂದ ಇಂತಹ ಪರಸ್ಪರಾವಲಂಬಿ ವ್ಯವಸ್ಥೆಗಳು ಹುಟ್ಟುವುದು ನಿರೀಕ್ಷಿತವೇ ಎಂದು ತೋರಿಸಿದ್ದರು. ಬೀಹಿಯವರ ಸವಾಲಿಗೆ ಉತ್ತರ ಅದು ಹುಟ್ಟುವ ಮುನ್ನವೇ ಸಿದ್ಧವಿತ್ತು ಎನ್ನಬಹುದು.

ಎರಡನೆಯ ಊಹೆಗೆ ಕಶಾಂಗವೇ ಉತ್ತರ ಕೊಡುತ್ತದೆ. ಕಶಾಂಗದ ಬಾಲವು ಒಳಗೆ ಟೊಳ್ಳಾಗಿದ್ದು, ಅದನ್ನು ಬೆಳೆಸುವ ಪ್ರೋಟೀನುಗಳು ಬುಡದಲ್ಲಿರುವ ಸಾಗಣೆ ವ್ಯವಸ್ಥೆಯ ಮೂಲಕ ಆ ಕೊಳವೆಯೊಳಗೆ ಸಾಗಿ, ತುದಿಯನ್ನು ತಲುಪಿ ಅಲ್ಲಿ ಒಂದೊಂದಾಗಿ ಸೇರಿಕೊಳ್ಳುತ್ತವೆ. ಎಂದರೆ ಕಶಾಂಗವು ಈಜುವ ಸಾಧನವಾಗಿರುವಂತೆಯೇ ಪ್ರೋಟೀನನ್ನು ಜೀವಕೋಶದಿಂದ ಹೊರಕ್ಕೆ ಕಳಿಸುವ ಸಾಧನವೂ ಹೌದು. ಪ್ಲೇಗ್ ರೋಗಾಣು ಸೇರಿದಂತೆ ಹಲವು ಬ್ಯಾಕ್ಟೀರಿಯಾಗಳಲ್ಲಿ ಇದೇ ಸಾಗಣೆ ವ್ಯವಸ್ಥೆಯನ್ನು ಹೋಲುವ ಸೂಜಿಯಂತಹ ರಚನೆಯಿದೆ. ಅದಕ್ಕೆ ತಿರುಗುವ ಬಾಲವಿಲ್ಲ, ಈಜುವುದಕ್ಕೂ ಅದರಿಂದ ಉಪಯೋಗವಿಲ್ಲ. ಆದರೂ ಆಶ್ರಯ ಕೊಟ್ಟ ಜೀವಿಯ ಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ಚುಚ್ಚುವ ಕೆಲಸವನ್ನು ಅದು ಸಮರ್ಥವಾಗಿ ಮಾಡುತ್ತದೆ. ಈ ಸೂಜಿಯು ಕಶಾಂಗದಿಂದಲೇ ಬಂದದ್ದಿರಬಹುದು, ಆದ್ದರಿಂದ ಅದನ್ನು ಪೂರ್ವಜ ಎನ್ನುವಂತಿಲ್ಲ ಎಂದು ವಿನ್ಯಾಸವಾದಿಗಳು, ಎಂದರೆ ಜೀವಿಗಳ ಹಿಂದೆ ಒಂದು ಬುದ್ಧಿಶಕ್ತಿಯಿದೆ ಎನ್ನುವವರು, ಆಕ್ಷೇಪಿಸುತ್ತಾರೆ. ಆಕ್ಷೇಪಣೆ ನ್ಯಾಯವಾದದ್ದೇ, ನಾನೂ ಅದನ್ನು ಪೂರ್ವಜ ಎನ್ನುತ್ತಿಲ್ಲ. ಆದರೆ ಬಹಳಷ್ಟು ಭಾಗಗಳಿಲ್ಲದ ಕಶಾಂಗದಿಂದ ಯಾವ ಪ್ರಯೋಜನವೂ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ ಎಂಬುದಕ್ಕೆ ಅಷ್ಟು ಸಾಕು. ಇದಲ್ಲದೆ ಕಶಾಂಗವನ್ನು ತಿರುಗಿಸುವ ಪ್ರೋಟೀನುಗಳಿಗೆ ಈಜಿಗೆ ಸಂಬಂಧವೇ ಇಲ್ಲದ, ಜೀವಕೋಶದ ಪೊರೆಯಲ್ಲಿ ಬೇರೆ ಕೆಲಸ ಮಾಡುವ ಪ್ರೋಟೀನುಗಳ ಜೊತೆ ಹತ್ತಿರದ ಹೋಲಿಕೆಯಿದೆ. ಬಾಲದ ಬುಡದ ದಂಡ ಮತ್ತು ಕೊಕ್ಕೆಯ ಪ್ರೋಟೀನುಗಳು ಪರಸ್ಪರ ಎಷ್ಟು ಹೋಲುತ್ತವೆಯೆಂದರೆ, ಒಂದೇ ಮೂಲ ಜೀನು ಮತ್ತೆ ಮತ್ತೆ ನಕಲಾಗಿ ಅವು ಬಂದಿರುವುದು ಕಾಣುತ್ತದೆ. ಇದ್ದದ್ದನ್ನು ನಕಲು ಮಾಡಿಕೊಂಡು ಹೊಸ ಕೆಲಸಕ್ಕೆ ಒಗ್ಗಿಸಿಕೊಂಡಿರುವ ಗುರುತುಗಳಿವು.

ಇನ್ನು ಸಂಭವನೀಯತೆಯ ಲೆಕ್ಕ. 20 ಬಗೆಯ ಅಮೈನೋ ಆಮ್ಲಗಳಿಂದ 100 ಘಟಕಗಳ ಪ್ರೋಟೀನನ್ನು 20ರ 100ನೇ ಘಾತದಷ್ಟು, ಎಂದರೆ 1ರ ಮುಂದೆ 130 ಸೊನ್ನೆ ಇಟ್ಟರೆ ಬರುವ ಸಂಖ್ಯೆಯಷ್ಟು, ವಿಧಗಳಲ್ಲಿ ಜೋಡಿಸಬಹುದು. ಲೆಕ್ಕ ಸರಿಯಾಗಿದೆ, ಆದರೆ ಇದು ಇಡೀ ಪ್ರೋಟೀನು ಒಂದೇ ಬಾರಿಗೆ ಆಕಸ್ಮಿಕವಾಗಿ ಸರಿಯಾಗಿ ಕೂಡಿಕೊಳ್ಳುವ ಸಂಭವವನ್ನು ಅಳೆಯುತ್ತದೆ. ವಿಕಾಸವಾದ ಅದನ್ನು ಹೇಳುವುದೇ ಇಲ್ಲ. ಆಕಸ್ಮಿಕವಾಗಿರುವುದು ಜೀನಿನಲ್ಲಾಗುವ ಬದಲಾವಣೆ ಮಾತ್ರ. ಯಾವುದು ಉಳಿದು ಹರಡುತ್ತದೆ ಎಂಬುದನ್ನು ಪರಿಸರ ನಿರ್ಧರಿಸುತ್ತದೆ, ಮತ್ತು ಮುಂದಿನ ಬದಲಾವಣೆ ಉಳಿದುಕೊಂಡದ್ದರ ಮೇಲೆ ಆಗುತ್ತದೆ. ಒಂದೇ ಕೆಲಸವನ್ನು ಹಲವು ಬೇರೆ ಬೇರೆ ಜೋಡಣೆಗಳು ಮಾಡಬಲ್ಲವು ಎಂಬುದೂ ಆ ಲೆಕ್ಕದಲ್ಲಿ ಸೇರಿಲ್ಲ. ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ 12 ಗುಂಪುಗಳಲ್ಲಿ ಒಂದು, ಸುಮಾರು 31,500 ತಲೆಮಾರುಗಳ ನಂತರ, ಆಮ್ಲಜನಕವಿರುವಾಗಲೂ ಸಿಟ್ರೇಟನ್ನು ಆಹಾರವಾಗಿ ಬಳಸುವ ಸಾಮರ್ಥ್ಯವನ್ನು ಪಡೆಯಿತು. ಅದಕ್ಕೆ ಮುನ್ನ ಆಗಿದ್ದ ಬದಲಾವಣೆಗಳು ದಾರಿ ಮಾಡಿಕೊಟ್ಟಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಶೈತ್ಯೀಕರಿಸಿ ಇಟ್ಟಿದ್ದ ಹಳೆಯ ತಲೆಮಾರುಗಳನ್ನು ಮತ್ತೆ ಬೆಳೆಸಿ ಕಂಡುಕೊಂಡರು.

ವಿಜ್ಞಾನ ಏಕೆ ಒಪ್ಪುವುದಿಲ್ಲ ಎಂಬ ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ. ಹೆಚ್ಚಿನ ಸಸ್ತನಿಗಳು ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಅದು ಆಗುವುದಿಲ್ಲ, ಏಕೆಂದರೆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ಜೀನು ನಮ್ಮಲ್ಲಿ ಕೆಟ್ಟುಹೋಗಿದೆ. ಅದರ ಅವಶೇಷ ಮಾತ್ರ ನಮ್ಮ ವರ್ಣತಂತುವಿನಲ್ಲಿ ಉಳಿದಿದೆ. ಚಿಂಪಾಂಜಿಗಳಿಗೂ ಮಂಗಗಳಿಗೂ ಇದೇ ಕೊರತೆಯಿದೆ. ಗಿನಿ ಇಲಿಗಳಲ್ಲೂ ಈ ಜೀನು ಕೆಟ್ಟಿದೆ, ಆದರೆ ಬೇರೆಯ ರೀತಿಯಲ್ಲಿ. ಸಮಾನ ಪೂರ್ವಜರಿಂದ ಬಂದವರಲ್ಲಿ ಹಾನಿ ಹೋಲಬೇಕು, ದೂರದವರಲ್ಲಿ ಪ್ರತ್ಯೇಕವಾಗಿ ಆಗಿರಬೇಕು ಎಂದು ವಿಕಾಸವಾದ ಮೊದಲೇ ಹೇಳಬಲ್ಲದು, ಹಾಗಿಲ್ಲದಿದ್ದರೆ ಸೋಲನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮನುಷ್ಯನಿಗೂ ಚಿಂಪಾಂಜಿಗೂ ಸಮಾನ ಪೂರ್ವಜರಿದ್ದಾರೆ ಎಂಬುದನ್ನು ಬೀಹಿಯವರೂ ಒಪ್ಪುತ್ತಾರೆ ಎಂಬುದು ಹಲವರಿಗೆ ಗೊತ್ತಿಲ್ಲ. ಆದರೆ ವಿನ್ಯಾಸಕಾರನೊಬ್ಬ ಯಾವಾಗ, ಯಾವ ವಿಧಾನದಿಂದ, ಏನನ್ನು ಮಾಡಿರಬಹುದು, ಏನನ್ನು ಮಾಡಿರಲಾರ ಎಂಬುದನ್ನು ಅವರ ವಾದ ಹೇಳುವುದಿಲ್ಲ. ಹೇಗೆ ಕಂಡುಬಂದರೂ ಹೊಂದಿಕೊಳ್ಳುವ ವಿವರಣೆಯನ್ನು ಪ್ರಯೋಗದಿಂದ ಪರೀಕ್ಷಿಸಲು ದಾರಿಯಿಲ್ಲ, ವಿಜ್ಞಾನದ ಆಕ್ಷೇಪಣೆ ಇರುವುದು ಅಲ್ಲಿ.

ಇದರಿಂದ ದೇವರ ಮೇಲಿನ ನಂಬಿಕೆಗೆ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ವಿನ್ಯಾಸವಾದವನ್ನು ಶಾಲೆಯ ಜೀವವಿಜ್ಞಾನದ ತರಗತಿಗೆ ತರುವ ಪ್ರಯತ್ನವು ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ಅದು ವಿಜ್ಞಾನವಲ್ಲವೆಂದು 2005ರ ಡಿಸೆಂಬರಿನಲ್ಲಿ ತೀರ್ಪು ಬಂದಾಗ, ಅದರ ವಿರುದ್ಧ ಸಾಕ್ಷ್ಯ ನುಡಿದ ಪ್ರಮುಖ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಸ್ವತಃ ದೇವರಲ್ಲಿ ನಂಬಿಕೆಯುಳ್ಳ ಕ್ಯಾಥೊಲಿಕ್ ಕ್ರೈಸ್ತರು.