ಅಮೆರಿಕದ ಒರೆಗಾನ್ ಕರಾವಳಿಗೆ ನಾವಿಬ್ಬರೇ ಐದು ದಿನ ಹೋಗುತ್ತಿದ್ದೇವೆ. ಎಲ್ಲಿ ಉಳಿಯಬೇಕು, ಏನು ನೋಡಬೇಕು?

ಜುಲೈ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದಿಳಿದು, ಕಾರು ಬಾಡಿಗೆಗೆ ತೆಗೆದುಕೊಂಡು, ಉತ್ತರ ತುದಿಯ ಆಸ್ಟೋರಿಯಾದಿಂದ ದಕ್ಷಿಣ ತುದಿಯ ಬ್ರೂಕಿಂಗ್ಸ್ ತನಕ ಇಡೀ ಕರಾವಳಿ ಮುಗಿಸುವ ಯೋಚನೆ ಹಾಕಿದ್ದೀರಿ. ನಿಮಗೆ ಬೆಟ್ಟ ಹತ್ತುವ ಹುಚ್ಚು, ನಿಮ್ಮ ಮನೆಯವರಿಗೆ ಚಳಿ ಆಗಿಬರುವುದಿಲ್ಲ. ಟೆಂಟ್ ಹಾಕಬಹುದಾ, ಸಮುದ್ರದಲ್ಲಿ ಈಜಬಹುದಾ ಅಂತಲೂ ಕೇಳಿದ್ದೀರಿ.

ಮೊದಲು ಒಂದು ಮಾತು. ಅರ್ಧ ಕರಾವಳಿ ಬಿಟ್ಟುಬಿಡಿ. ಒರೆಗಾನ್ ಕರಾವಳಿ ಸುಮಾರು 580 ಕಿಲೋಮೀಟರ್ ಉದ್ದ ಇದೆ. ಅದರುದ್ದಕ್ಕೂ ಹೋಗುವ ಹೈವೇ 101 ಅನ್ನುವುದು ಹೆಸರಿಗೆ ಹೈವೇ. ಬಹಳ ಕಡೆ ಹೋಗಲೊಂದು ಬರಲೊಂದು ಲೇನ್ ಅಷ್ಟೇ, ತಿರುವು ಜಾಸ್ತಿ, ಬೇಸಿಗೆಯಲ್ಲಿ ಮುಂದೆ ಯಾವಾಗಲೂ ಒಂದು ದೊಡ್ಡ ಕ್ಯಾಂಪರ್ ವ್ಯಾನ್ ತೆವಳುತ್ತಿರುತ್ತದೆ. ಐದು ದಿನದಲ್ಲಿ ಪೂರ್ತಿ ನೋಡುತ್ತೇವೆ ಅಂತ ಹೊರಟವರು ನೋಡುವುದು ಕಾರಿನ ಗಾಜನ್ನು. ಎರಡು ರಾತ್ರಿ ಉತ್ತರದಲ್ಲಿ, ಅಂದರೆ ಕ್ಯಾನನ್ ಬೀಚ್ ಅಥವಾ ಮಂಜನಿಟಾ ಹತ್ತಿರ. ಉಳಿದ ರಾತ್ರಿಗಳು ನಡುಭಾಗದಲ್ಲಿ, ನ್ಯೂಪೋರ್ಟ್ ಮತ್ತು ಯಾಹಾಟ್ಸ್ ನಡುವೆ ಎಲ್ಲಾದರೂ. ತೀರಾ ದಕ್ಷಿಣದಲ್ಲಿ, ಬ್ರೂಕಿಂಗ್ಸ್ ಪಕ್ಕದ ಬೋರ್ಡ್‌ಮನ್ ಪ್ರದೇಶ ಎಲ್ಲಕ್ಕಿಂತ ಚೆಂದ, ನಾನೇ ಒಪ್ಪುತ್ತೇನೆ. ಆದರೆ ನ್ಯೂಪೋರ್ಟ್‌ನಿಂದ ಬ್ರೂಕಿಂಗ್ಸ್‌ಗೆ 300 ಕಿಲೋಮೀಟರ್‌ಗೂ ಮೇಲೆ. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಹೋಟೆಲ್ ಹುಡುಕುವ ಮೊದಲು ಆ ವಾರದ ಉಬ್ಬರ ಇಳಿತದ ವೇಳಾಪಟ್ಟಿ ತೆಗೆದು ನೋಡಿ. ಅಮೆರಿಕ ಸರ್ಕಾರದ ನೋವಾ ಸಂಸ್ಥೆಯ ತಾಣದಲ್ಲಿ ಒಂದೊಂದು ಊರಿನದ್ದೂ ಪುಕ್ಕಟೆ ಸಿಗುತ್ತದೆ. ಬಹಳ ಜನ ಇದನ್ನು ಮೀನು ಹಿಡಿಯುವವರ ವಿಷಯ ಅಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಈ ಕರಾವಳಿಯಲ್ಲಿ ಒಂದೇ ಜಾಗ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ನೀರು ಇಳಿದಾಗ ಕ್ಯಾನನ್ ಬೀಚಿನ ಹೇಸ್ಟ್ಯಾಕ್ ರಾಕ್ ಬುಡದ ತನಕ ನಡೆದುಕೊಂಡೇ ಹೋಗಬಹುದು. ನೀರು ಏರಿದಾಗ ಹೋದರೆ ದೂರದಿಂದ ಒಂದು ಫೋಟೋ ತೆಗೆದು ವಾಪಸ್ ಬರಬೇಕು. ಯಾಹಾಟ್ಸ್ ಪಕ್ಕದ ಥಾರ್ಸ್ ವೆಲ್ ಇದಕ್ಕೆ ಉಲ್ಟಾ. ಇಳಿತದಲ್ಲಿ ಅದು ಬಂಡೆಯಲ್ಲಿ ಇರುವ ಒಂದು ತೂತು, ಅಷ್ಟೇ. ಉಬ್ಬರಕ್ಕೆ ಒಂದು ಗಂಟೆ ಮುಂಚೆ ಹೋಗಿ ನಿಂತರೆ ಅದೇ ತೂತಿನಿಂದ ನೀರು ಉಕ್ಕಿ, ಸುತ್ತ ಹರಡಿ, ಮತ್ತೆ ಒಳಗೇ ಸುರಿದು ಮಾಯವಾಗುವುದು ಕಾಣುತ್ತದೆ.

ಹಾಗಾಗಿ ಇಳಿತದ ಹೊತ್ತಿಗೆ ಮರಳು ಮತ್ತು ಬಂಡೆ, ಉಬ್ಬರದ ಹೊತ್ತಿಗೆ ಎತ್ತರದ ಜಾಗ, ನಡುವೆ ಕಾಡಿನ ದಾರಿ ಅಂತ ದಿನ ಹಂಚಿಕೊಳ್ಳಿ. ಬೇಸಿಗೆಯಲ್ಲಿ ತೀರಾ ಕೆಳಗೆ ಹೋಗುವ ಇಳಿತ ಇಲ್ಲಿ ಬೆಳಗಿನ ಜಾವದಲ್ಲೇ ಬರುತ್ತದೆ. ಒಂದು ದಿನವಾದರೂ ಇಬ್ಬರೂ ಬೇಗ ಎದ್ದು ಹೋಗಿ.

ಹೇಸ್ಟ್ಯಾಕ್ ರಾಕ್ 72 ಮೀಟರ್ ಎತ್ತರದ ಒಂಟಿ ಕರಿಕಲ್ಲು. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ನೂರಾರು ಕಿಲೋಮೀಟರ್ ಒಳನಾಡಿನಲ್ಲಿ ನೆಲ ಸೀಳಿ ಬಂದ ಲಾವಾ ಹರಿದು ಹರಿದು ಸಮುದ್ರ ಮುಟ್ಟಿತು. ಅದರ ಉಳಿಕೆ ಇದು. ಆದರೆ ಬಂಡೆ ನೋಡಿ ತಲೆ ಎತ್ತಿಕೊಂಡೇ ನಿಲ್ಲಬೇಡಿ, ಕಾಲಬುಡ ನೋಡಿ. ನೀರು ನಿಂತ ಸಣ್ಣ ಹೊಂಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನಿಮ್ಮ ನೆರಳು ನೀರಿಗೆ ಬೀಳದ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖದ ಚಿಪ್ಪು ನಡೆಯಲು ಶುರು ಮಾಡುತ್ತದೆ, ಒಳಗೆ ಸನ್ಯಾಸಿ ಏಡಿ. ಪಾಚಿ ಅಂದುಕೊಂಡಿದ್ದ ಹಸಿರು ಉಂಡೆ ನಿಧಾನ ಬೆರಳು ಬಿಚ್ಚುತ್ತದೆ, ಅದು ಅನೆಮೊನಿ ಅನ್ನುವ ಕಡಲ ಜೀವಿ. ನೇರಳೆ ಮತ್ತು ಕಿತ್ತಳೆ ಬಣ್ಣದ ನಕ್ಷತ್ರ ಮೀನುಗಳು ಬಂಡೆಯ ಮಗ್ಗುಲಲ್ಲಿ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. 2013-14ರಲ್ಲಿ ಬಂದ ರೋಗಕ್ಕೆ ಈ ಕರಾವಳಿಯ ನಕ್ಷತ್ರ ಮೀನುಗಳು ರಾಶಿ ರಾಶಿ ಸತ್ತವು. ಈ ನೇರಳೆ-ಕಿತ್ತಳೆ ಜಾತಿ ಅಲ್ಲಲ್ಲಿ ಚೇತರಿಸಿಕೊಂಡಿದೆ. ಕೀಳಬೇಡಿ, ಏನನ್ನೂ ಜೇಬಿಗೆ ಹಾಕಬೇಡಿ, ಬಂಡೆ ಹತ್ತಲೂಬೇಡಿ. ಅಲ್ಲಿ ಅದಕ್ಕೆ ಅವಕಾಶ ಇಲ್ಲ. ಬಂಡೆಯ ಮೇಲಿನ ಹುಲ್ಲಿನ ಇಳಿಜಾರಿನಲ್ಲಿ ಬೇಸಿಗೆಯಲ್ಲಿ ಪಫಿನ್ ಹಕ್ಕಿಗಳು ಗೂಡು ಮಾಡುತ್ತವೆ. ದುರ್ಬೀನು ಇದ್ದರೆ ಕಿತ್ತಳೆ ಕೊಕ್ಕು ಚೆನ್ನಾಗಿ ಕಾಣುತ್ತದೆ.

ಇನ್ನು ಚಳಿ. ಪೋರ್ಟ್‌ಲ್ಯಾಂಡಿನಲ್ಲಿ 35 ಡಿಗ್ರಿ ಸುಡುತ್ತಿರುವ ದಿನವೇ ಒಂದೂವರೆ ಗಂಟೆ ದೂರದ ಕ್ಯಾನನ್ ಬೀಚಿನಲ್ಲಿ 17 ಡಿಗ್ರಿ ಇರಬಹುದು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾದ ಗಾಳಿ ಮಂಜಾಗಿ ದಡಕ್ಕೆ ಬಂದು ಕೂರುತ್ತದೆ. ನೀರಿನ ಬಿಸಿ ಜುಲೈನಲ್ಲೂ 10ರಿಂದ 13 ಡಿಗ್ರಿ. ಈಜುವ ಆಸೆ ಇಲ್ಲಿಗೇ ಬಿಡಿ. ಶಾರ್ಟ್ ಸ್ಯಾಂಡ್ ಬೀಚಿನಲ್ಲಿ ಅಲೆ ಸವಾರಿ ಮಾಡುವವರನ್ನು ಕಂಡು ಮನಸ್ಸಾಗಬಹುದು. ಅವರೆಲ್ಲ ಮೈಪೂರ್ತಿ ದಪ್ಪ ವೆಟ್‌ಸೂಟ್ ಹಾಕಿರುತ್ತಾರೆ, ಗಮನಿಸಿ.

ನಿಮ್ಮ ಮನೆಯವರಿಗೆ ದಪ್ಪ ಸ್ವೆಟರ್ ಒಂದೇ ಸಾಲದು. ಇಲ್ಲಿ ಕೊರೆಯುವುದು ಗಾಳಿ. ಒಳಗೆ ತೆಳು ಉಣ್ಣೆಯದ್ದು, ಮೇಲೆ ಗಾಳಿ ಮತ್ತು ತುಂತುರು ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ. ಕಾರಿನಲ್ಲಿ ಒಣ ಕಾಲುಚೀಲದ ಇನ್ನೊಂದು ಜೊತೆ. ಗಾಳಿ ಜೋರಾಗುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಬಯಲಿನ ಕೆಲಸ ಬೆಳಿಗ್ಗೆ ಮುಗಿಸಿ ಮಧ್ಯಾಹ್ನ ಕಾಡಿಗೆ ನುಗ್ಗಿ. ದೊಡ್ಡ ಸ್ಪ್ರೂಸ್ ಮರಗಳ ಒಳಗೆ ಹೆಜ್ಜೆ ಇಟ್ಟ ತಕ್ಷಣ ಗಾಳಿ ನಿಂತುಬಿಡುತ್ತದೆ.

ಒಬ್ಬರು ನಡೆಯುವವರು, ಒಬ್ಬರು ಕೂರುವವರು ಅನ್ನುವ ಜೋಡಿಗೆ ಈ ಕರಾವಳಿ ಹೇಳಿ ಮಾಡಿಸಿದ್ದು. ನಾನು ಕೂರುವ ಪೈಕಿ, ನಮ್ಮವರು ನಡೆಯುವ ಪೈಕಿ, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ. ಯಾಹಾಟ್ಸ್ ಹತ್ತಿರದ ಕೇಪ್ ಪರ್ಪೆಟುವಾ ಗುಡ್ಡದ ತುದಿ ಸಮುದ್ರದಿಂದ ಸುಮಾರು 240 ಮೀಟರ್ ಮೇಲೆ. ಕೆಳಗಿನ ಮಾಹಿತಿ ಕೇಂದ್ರದಿಂದ ಅಡ್ಡಾದಿಡ್ಡಿ ತಿರುಗುವ ಕಾಲುದಾರಿ ಇದೆ, ಮೇಲಿನ ತನಕ ಡಾಂಬರು ರಸ್ತೆಯೂ ಇದೆ. ನಮ್ಮವರು ಬೆವರು ಸುರಿಸಿಕೊಂಡು ಹತ್ತುವಷ್ಟರಲ್ಲಿ ನಾನು ಕಾರು ಓಡಿಸಿಕೊಂಡು ಹೋಗಿ ಮೇಲಿನ ಕಲ್ಲಿನ ಗೂಡಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಿರುತ್ತೇನೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಹುಡುಗರಿಗೆ ಸರ್ಕಾರ ಕೊಟ್ಟ ಕೆಲಸದಲ್ಲಿ ಕಟ್ಟಿದ ಗೂಡು ಅದು. ಮೂರು ಕಡೆ ಗಾಳಿ ಬರುವುದಿಲ್ಲ, ಎದುರಿಗೆ ಇಡೀ ಕಡಲು. ಇಳಿಯುವಾಗ ಇಬ್ಬರೂ ಸೇರಿ ಡೆವಿಲ್ಸ್ ಚರ್ನ್ ನೋಡಬಹುದು. ಬಂಡೆಯ ಸೀಳಿನೊಳಗೆ ಅಲೆ ನುಗ್ಗಿ ಬೆಳ್ಳಗೆ ಸಿಡಿಯುವ ಜಾಗ. ಅದೇ ಕಾಡಿನಲ್ಲಿ 500 ವರ್ಷಕ್ಕೂ ಹಳೆಯ ಒಂದು ಸ್ಪ್ರೂಸ್ ಮರವಿದೆ. ಆ ದಾರಿ ಸಮತಟ್ಟು, ಕೂರುವ ಪೈಕಿಯವರಿಗೂ ಕಷ್ಟವಿಲ್ಲ.

ನಿಮಗೆ ಕಾಲಿಗೆ ಕೆಲಸ ಬೇಕೇ ಬೇಕು ಅಂದರೆ ಕೇಪ್ ಲುಕ್‌ಔಟ್. ಸಮುದ್ರದೊಳಕ್ಕೆ ಚಾಚಿದ ಸಪೂರ ಗುಡ್ಡದ ಬೆನ್ನಿನ ಮೇಲೆ ಹೋಗಲು ನಾಲ್ಕು ಕಿಲೋಮೀಟರ್, ಬರಲು ನಾಲ್ಕು. ಬೇರು, ಕೆಸರು ಎರಡೂ ಧಾರಾಳ. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಬೂದು ತಿಮಿಂಗಿಲ ಉಸಿರು ಬಿಡುವುದು ಕಂಡರೂ ಕಂಡೀತು. ಚಳಿಗಾಲದಲ್ಲಿ ಸಾವಿರಾರು ತಿಮಿಂಗಿಲಗಳು ದಕ್ಷಿಣಕ್ಕೆ ಮೆಕ್ಸಿಕೋ ಕಡೆ ಹೋಗುತ್ತವೆ, ವಸಂತದಲ್ಲಿ ವಾಪಸ್ ಅಲಾಸ್ಕಾ ಕಡೆ. ಕೆಲವು ಮಾತ್ರ ಅಷ್ಟು ದೂರ ಹೋಗದೆ ಬೇಸಿಗೆ ಪೂರ್ತಿ ಇಲ್ಲೇ ಉಳಿಯುತ್ತವೆ. ಡೆಪೋ ಬೇ ಊರಿನಲ್ಲಿ ರಸ್ತೆ ಬದಿಯ ಗೋಡೆಗೆ ಒರಗಿಕೊಂಡೇ ನೋಡಬಹುದು. ದೋಣಿಗೆ ದುಡ್ಡು ಕೊಡುವ ಮುಂಚೆ ಅಲ್ಲಿ ಅರ್ಧ ಗಂಟೆ ನಿಲ್ಲಿ.

ನ್ಯೂಪೋರ್ಟಿನಲ್ಲಿ ಒಂದೇ ಒಂದು ಜಾಗ ಆರಿಸಿ ಅಂದರೆ ಯಾಕ್ವಿನಾ ಹೆಡ್. 1873ರಿಂದ ಉರಿಯುತ್ತಿರುವ ಲೈಟ್‌ಹೌಸ್, 28 ಮೀಟರ್, ಒರೆಗಾನಿನಲ್ಲಿ ಅದೇ ಎಲ್ಲಕ್ಕಿಂತ ಎತ್ತರದ್ದು. ಎದುರಿನ ಬಂಡೆಗಳ ಮೇಲೆ ಮರ್ ಹಕ್ಕಿಗಳು ಜಾಗವೇ ಇಲ್ಲದಷ್ಟು ಒತ್ತಿಕೊಂಡು ನಿಂತಿರುತ್ತವೆ. ವಾಸನೆಯೂ ಅಷ್ಟೇ ಜೋರು. ಮೆಟ್ಟಿಲಿಳಿದರೆ ಕಾಬಲ್ ಬೀಚ್. ಮರಳಿಲ್ಲ, ಪೂರ್ತಿ ಉರುಟು ಕರಿಕಲ್ಲು. ಅಲೆ ಹಿಂದಕ್ಕೆ ಸರಿಯುವಾಗ ಕಲ್ಲುಗಳು ಒಂದಕ್ಕೊಂದು ತಾಗಿ ಉರುಳುತ್ತವೆ, ಗೋಣಿಚೀಲದಿಂದ ಒಣ ಅಡಿಕೆ ಸುರಿದ ಹಾಗೆ ಸದ್ದು. ಹಿಮ್ಮಡಿ ಹಿಡಿದುಕೊಳ್ಳುವ ಶೂ ಇಲ್ಲದೆ ಅಲ್ಲಿ ನಡೆಯಬೇಡಿ, ಕಾಲು ಉಳುಕುತ್ತದೆ.

ಈಗ ಹೆದರಿಸುವ ಭಾಗ. ಈ ಸಮುದ್ರ ನೋಡಲು ಶಾಂತವಾಗಿದ್ದಾಗಲೇ ಮೋಸ ಮಾಡುತ್ತದೆ. ಹತ್ತಿಪ್ಪತ್ತು ನಿಮಿಷ ಸಣ್ಣ ಅಲೆ ಬಂದು, ಇದ್ದಕ್ಕಿದ್ದಂತೆ ಒಂದು ಅಲೆ ಒಣ ಮರಳಿನ ಮೇಲೆಲ್ಲ ನುಗ್ಗುತ್ತದೆ. ಸ್ನೀಕರ್ ವೇವ್ ಅನ್ನುತ್ತಾರೆ. ಜನ ಸತ್ತಿದ್ದಾರೆ. ದಡದಲ್ಲಿ ಬಿದ್ದಿರುವ ದೊಡ್ಡ ಮರದ ದಿಮ್ಮಿ ಕೂರಲು ಅನುಕೂಲವಾಗಿ ಕಾಣುತ್ತದೆ. ಒಂದು ಗೇಣು ನೀರು ಬಂದರೂ ಸಾಕು, ಟನ್ನುಗಟ್ಟಲೆ ತೂಕದ ಆ ದಿಮ್ಮಿ ತೇಲಿ ಉರುಳುತ್ತದೆ. ಅಲೆ ಮುಟ್ಟುವ ಜಾಗದ ದಿಮ್ಮಿ ಮೇಲೆ ಕೂರುವುದು ಬೇಡ, ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡ. ಕೇಪ್ ಕಿವಾಂಡಾದ ಮರಳುಗಲ್ಲಿನ ಅಂಚಿನಲ್ಲಿ ಬೇಲಿ ಇದೆ, ಅದನ್ನು ದಾಟಿದವರ ಗತಿ ಏನಾಯಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಊರೂರಲ್ಲಿ ಸುನಾಮಿ ದಾರಿ ತೋರಿಸುವ ನೀಲಿ ಫಲಕ ಕಾಣುತ್ತವೆ. ಉಳಿಯುವ ಜಾಗದಿಂದ ಯಾವ ಕಡೆ ಓಡಬೇಕು ಅಂತ ಮೊದಲ ಸಂಜೆಯೇ ನೋಡಿಟ್ಟುಕೊಳ್ಳಿ. 1700ರ ಜನವರಿ 26ರ ರಾತ್ರಿ ಇಲ್ಲಿ ಭಾರೀ ಭೂಕಂಪ ಆಗಿತ್ತು. ಅದು ಎಬ್ಬಿಸಿದ ಸುನಾಮಿ ಅಲೆ ಜಪಾನಿನ ತನಕ ಹೋಗಿತ್ತು, ಅಲ್ಲಿಯವರು ಬರೆದಿಟ್ಟ ದಾಖಲೆಯಿಂದಲೇ ತಾರೀಕು ಇಷ್ಟು ಖಚಿತವಾಗಿ ಗೊತ್ತಾದದ್ದು. ನೆಲ ಜೋರಾಗಿ ನಡುಗಿದರೆ ಸೈರನ್‌ಗೆ ಕಾಯದೆ ಎತ್ತರಕ್ಕೆ ನಡೆಯಿರಿ. ನೆಸ್ಕೋವಿನ್ ಬೀಚಿನಲ್ಲಿ ಇಳಿತದ ಹೊತ್ತಿಗೆ ಮರಳಿನಿಂದ ಸುಮಾರು 2,000 ವರ್ಷ ಹಳೆಯ ಸ್ಪ್ರೂಸ್ ಬುಡಗಳು ಮೇಲೆ ಕಾಣುತ್ತವೆ. ಉತ್ತರದಿಂದ ನಡುಭಾಗಕ್ಕೆ ಬರುವ ದಾರಿಯಲ್ಲೇ ಅದು ಸಿಗುತ್ತದೆ.

ಉಳಿಯುವ ವಿಷಯ. ಮರಳಿನ ಮೇಲೆ ಎಲ್ಲೆಂದರಲ್ಲಿ ಟೆಂಟ್ ಹಾಕುವಂತಿಲ್ಲ. ಆದರೆ ಮರಳಿನ ಮೇಲೆ ನಡೆಯಲು ಯಾರ ಅಪ್ಪಣೆಯೂ ಬೇಡ. 1967ರಲ್ಲಿ ಮಾಡಿದ ಕಾನೂನಿನಿಂದ ಇಲ್ಲಿನ ಬೀಚು ಪೂರ್ತಿ ಜನರದ್ದು, ದೊಡ್ಡ ಹೋಟೆಲಿನ ಮುಂದೆಯೂ ಧೈರ್ಯವಾಗಿ ಓಡಾಡಿ. ಟೆಂಟ್‌ಗಿಂತ ನಾನು ಯರ್ಟ್ ಅನ್ನುತ್ತೇನೆ. ಸ್ಟೇಟ್ ಪಾರ್ಕ್‌ಗಳಲ್ಲಿ ಇರುವ ದುಂಡನೆಯ ಕ್ಯಾನ್ವಾಸ್ ಮನೆ. ಮಂಚ, ಲೈಟು, ಹೀಟರ್ ಇರುತ್ತದೆ. ಹಾಸಿಗೆ ಹೊದಿಕೆ ನಿಮ್ಮದೇ ತರಬೇಕು, ಅಡುಗೆ ಹೊರಗೆ ಮಾಡಬೇಕು. ಹೊರಗೆ ಅಲೆಯ ಸದ್ದು, ಒಳಗೆ ಬೆಚ್ಚಗೆ. ನಿಮಗೆ ಕ್ಯಾಂಪಿಂಗ್ ಮಾಡಿದ ತೃಪ್ತಿ, ಅವರಿಗೆ ರಾತ್ರಿ ನಿದ್ದೆ. ನ್ಯೂಪೋರ್ಟ್ ಪಕ್ಕದ ಸೌತ್ ಬೀಚ್ ಪಾರ್ಕ್‌ನಲ್ಲಿ ಇವೆ. ಬುಕಿಂಗ್ ಆರು ತಿಂಗಳ ಮುಂಚೆ ತೆರೆಯುತ್ತದೆ, ಜುಲೈನ ಶನಿವಾರ ಭಾನುವಾರ ಬೇಗ ತುಂಬಿಹೋಗುತ್ತದೆ. ವಾರದ ನಡುವಿನ ರಾತ್ರಿಗಳನ್ನು ಹುಡುಕಿ, ಯಾರಾದರೂ ರದ್ದು ಮಾಡಿದ್ದು ಸಿಗುತ್ತಾ ಅಂತ ದಿನಾ ಒಮ್ಮೆ ನೋಡುತ್ತಿರಿ. ಪಾರ್ಕಿಂಗ್‌ಗೆ ಬಿಡಿ ಬಿಡಿಯಾಗಿ ದುಡ್ಡು ಕೊಡುವ ಮುಂಚೆ, ಹಲವು ಜಾಗಕ್ಕೆ ಒಟ್ಟಿಗೆ ನಡೆಯುವ ಪಾಸ್ ಈಗ ಸಿಗುತ್ತಾ ಅಂತ ವಿಚಾರಿಸಿ.

ಕೆಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ. ರಜೆ ಸೆಪ್ಟೆಂಬರ್‌ಗೆ ದೂಡಲು ಆಗುವುದಾದರೆ ಕಣ್ಣು ಮುಚ್ಚಿ ದೂಡಿ. ಗಾಳಿ ಮಂಜು ಕಡಿಮೆ, ಬಿಸಿಲು ಹಿತ, ಶಾಲೆ ಶುರುವಾಗಿರುವುದರಿಂದ ಜನವೂ ಕಡಿಮೆ. ಪಫಿನ್ ಮಾತ್ರ ಆಗ ಸಿಗುವುದಿಲ್ಲ. ತಾರೀಕು ಗಟ್ಟಿಯಾದ ಮೇಲೆ ಕೆಳಗೆ ಬರೆಯಿರಿ. ಆ ವಾರದ ಇಳಿತದ ಹೊತ್ತು ನೋಡಿ ಯಾವ ಬೆಳಿಗ್ಗೆ ಹೇಸ್ಟ್ಯಾಕ್, ಯಾವ ಮಧ್ಯಾಹ್ನ ಥಾರ್ಸ್ ವೆಲ್ ಅಂತ ಹೇಳುತ್ತೇನೆ.