ಇಪಿಸಿ ರಸ್ತೆ ಕೆಲಸದಲ್ಲಿ ಹೆಚ್ಚುವರಿ ಕೆಲಸಕ್ಕೆ ಬಿಲ್ ಸಿಗುತ್ತದಾ?

ನೀವು ಕೇಳಿದ್ದು ಇಷ್ಟು: ಕಾಸರಗೋಡು ಜಿಲ್ಲೆಯ ಇಪಿಸಿ (ಡಿಸೈನ್, ಸಾಮಗ್ರಿ, ನಿರ್ಮಾಣ ಮೂರೂ ಗುತ್ತಿಗೆದಾರರದ್ದೇ ಆಗಿರುವ ಗುತ್ತಿಗೆ) ರಸ್ತೆ ಕೆಲಸದಲ್ಲಿ ಗುಡ್ಡ ಜಾರಿದ ಕಡೆ ತಡೆಗೋಡೆ ಕಟ್ಟಿದಿರಿ, ಇನ್ನೊಂದು ಕಡೆ ಚರಂಡಿ ಅಗಲ ಮಾಡಿದಿರಿ. ಎರಡಕ್ಕೂ ದುಡ್ಡಿಲ್ಲ ಅಂತಾರೆ, ಇದು ಸರಿಯಾ?

ತಡೆಗೋಡೆಯ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ. ಚರಂಡಿಯನ್ನು ಮಾತ್ರ ಬಿಡಬೇಡಿ.

ನಮ್ಮೂರು ಮಂಜೇಶ್ವರ, ಕೆಲಸ ಗುತ್ತಿಗೆದಾರರ ಬಿಲ್ಲಿಂಗ್. ಮಾಡಿದ ಕೆಲಸದ ಅಳತೆಗೆ ತಕ್ಕ ಹಾಗೆ ಹಣ ಸಿಗುವ ಐಟಂ ರೇಟ್ ಗುತ್ತಿಗೆಯಲ್ಲಿ ಪಳಗಿದವರಿಗೆ ಇಪಿಸಿ ಮೊದಲು ತಲೆಗೆ ಹತ್ತುವುದಿಲ್ಲ. ಇಲ್ಲಿ ಎಂಬಿ (ಅಳತೆ ಪುಸ್ತಕ) ಬರೆದು ಘನ ಮೀಟರ್ ಲೆಕ್ಕದಲ್ಲಿ ಹಣ ಕೇಳುವ ಹಾಗಿಲ್ಲ. ಬೆಲೆ ಲಂಪ್‌ಸಮ್, ಅಂದರೆ ಒಟ್ಟು ಮೊತ್ತ ಮೊದಲೇ ನಿಗದಿ. ರಸ್ತೆಗೆ ಇಷ್ಟು, ಸೇತುವೆಗೆ ಇಷ್ಟು ಎಂದು ಒಪ್ಪಂದದ ಶೆಡ್ಯೂಲ್ ಎಚ್ ಎಂಬ ಅನುಬಂಧದಲ್ಲಿ ಶೇಕಡಾವಾರು ಪಾಲು ಇರುತ್ತದೆ. 200 ಕೋಟಿಯ ಗುತ್ತಿಗೆಯಲ್ಲಿ ಸೇತುವೆಗಳಿಗೆ ಶೇ. 10 ಅಂತಿಟ್ಟುಕೊಳ್ಳಿ, 20 ಕೋಟಿ ಆಯಿತು. ಅಡಿಪಾಯದ ಹಂತ ಮುಗಿದರೆ ಅದರ ಪಾಲು ಬರುತ್ತದೆ. ಕಾಂಕ್ರೀಟ್ ಎಷ್ಟು ಹಿಡಿಯಿತು ಅಂತ ಯಾರೂ ಕೇಳುವುದಿಲ್ಲ. ಕಡಿಮೆಯಾದರೆ ಲಾಭ ನಿಮ್ಮದು, ಜಾಸ್ತಿಯಾದರೆ ನಷ್ಟವೂ ನಿಮ್ಮದೇ.

ಗೋಡೆಯ ಕತೆ ಇದೇ. ನಮ್ಮ ಕಡೆ ಮೇಲೆ ಮುರಕಲ್ಲು, ಕೆಳಗೆ ಶೇಡಿ ಎಂಬ ಮೆತ್ತನೆಯ ಜೇಡಿ ಮಣ್ಣು. ಬೇಸಿಗೆಯಲ್ಲಿ ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಜೂನ್ ಮಳೆ ಹಿಡಿಯಿತೋ, ಶೇಡಿ ನೀರು ಕುಡಿದು ಮೇಲಿನ ಕಲ್ಲನ್ನೂ ಎಳೆದುಕೊಂಡು ಜಾರುತ್ತದೆ. ಬಾವಿ ತೋಡುವವರಿಗೂ ಗೊತ್ತಿರುವ ವಿಷಯ. ಮಣ್ಣು ಪರೀಕ್ಷೆ, ಇಳಿಜಾರಿನ ಡಿಸೈನ್ ಎರಡೂ ಗುತ್ತಿಗೆದಾರರ ಹೊಣೆ. ಆದರೂ ಏನೇನು ಕಟ್ಟಬೇಕು ಎಂದು ಬರೆದಿರುವ ಶೆಡ್ಯೂಲ್ ಬಿ ಒಮ್ಮೆ ತೆರೆದು ನೋಡಿ. ತಡೆಗೋಡೆಯ ಉದ್ದವನ್ನು ‘ಕನಿಷ್ಠ’ ಎಂದು ಬರೆದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಚರಂಡಿ ಬೇರೆ. ಅಗಲ ಮಾಡಿ ಅಂದವರು ಯಾರು? ಸಾಮಾನ್ಯವಾಗಿ ಹೀಗಾಗುತ್ತದೆ: ಡ್ರಾಯಿಂಗ್ ಕಳಿಸುತ್ತೀರಿ. ಅಥಾರಿಟಿ (ಕೆಲಸ ಕೊಟ್ಟ ಸರ್ಕಾರಿ ಸಂಸ್ಥೆ) ನೇಮಿಸಿದ ಅಥಾರಿಟಿ ಎಂಜಿನಿಯರ್ ಕಡೆಯಿಂದ ‘ಚರಂಡಿ ಅಗಲಿಸಿ’ ಎಂಬ ಒಂದು ಸಾಲಿನ ಕಾಮೆಂಟ್ ಬರುತ್ತದೆ. ಡಿಸೈನ್ ಹುಡುಗರು ಸುಮ್ನೆ ತಿದ್ದಿ ಮತ್ತೆ ಕಳಿಸುತ್ತಾರೆ. ಆಮೇಲೆ ಬಿಲ್ ಕೇಳಿದರೆ, ‘ಇದು ನಿಮ್ಮದೇ ಡ್ರಾಯಿಂಗ್ ಅಲ್ವಾ?’ ಎಂಬ ಉತ್ತರ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ. ಒಂದು ಸಾಲಿನ ಕಾಮೆಂಟಿಗೆ ಲಕ್ಷಗಟ್ಟಲೆ ಹೋಗುತ್ತದೆ, ಕೊನೆಗೆ ಆ ಹೊರೆ ಸಣ್ಣ ಸಬ್ ಕಾಂಟ್ರಾಕ್ಟರ್ ತಲೆಗೆ ಬೀಳುತ್ತದೆ.

ಆ ಕಾಮೆಂಟ್ ಇರುವ ಪತ್ರ, ಅದಕ್ಕಿಂತ ಹಿಂದಿನ ಮತ್ತು ನಂತರದ ಡ್ರಾಯಿಂಗ್, ಮೂರನ್ನೂ ಹುಡುಕಿ ತೆಗೆಯಿರಿ. ಮೊದಲ ಡ್ರಾಯಿಂಗ್ ಶೆಡ್ಯೂಲ್ ಬಿಗೂ, ಗುಣಮಟ್ಟದ ನಿಯಮಗಳಿರುವ ಶೆಡ್ಯೂಲ್ ಡಿಗೂ ಸರಿಯಾಗಿತ್ತು ಎಂದು ತೋರಿಸಲು ಆದರೆ ಇದು ಚೇಂಜ್ ಆಫ್ ಸ್ಕೋಪ್ (ಒಪ್ಪಿದ ಕೆಲಸದ ವ್ಯಾಪ್ತಿಯ ಬದಲಾವಣೆ) ಎಂದು ವಾದಿಸಬಹುದು. ಇಪಿಸಿ ಮಾದರಿ ಒಪ್ಪಂದದಲ್ಲಿ ಇದಕ್ಕೆ ಆರ್ಟಿಕಲ್ 13 ಇದೆ. ಲಿಖಿತ ಆದೇಶ ಇಲ್ಲದೆ ಕೆಲಸ ಮುಗಿಸಿರುವುದರಿಂದ ದಾರಿ ಸುಲಭವಿಲ್ಲ, ಆದರೂ ಹಣ ಕೇಳುವ ಪತ್ರ ಇವತ್ತೇ ಅಥಾರಿಟಿ ಎಂಜಿನಿಯರ್‌ಗೆ ಹೋಗಲಿ, ಅದರ ಒಂದು ನಕಲು ಅಥಾರಿಟಿಗೂ ಹೋಗಲಿ. ಮುಂದೆ ಫಿಡಿಕ್ ಯೆಲ್ಲೋ ಬುಕ್ (ಒಂದು ಅಂತರರಾಷ್ಟ್ರೀಯ ಮಾದರಿ ಒಪ್ಪಂದ) ಇರುವ ಕೆಲಸಕ್ಕೆ ಹೋದರೆ ಇನ್ನೂ ಬಿಗಿ: ವಿಷಯ ಗೊತ್ತಾದ 28 ದಿನದೊಳಗೆ ಕ್ಲೇಮ್ ನೋಟಿಸ್ ಕೊಡಬೇಕು.