ಸ್ಲೀವ್ ಸರ್ಜರಿ ಆದವರಿಗೆ ಗಂಜಿ ಸಾಕೇ?

ಪ್ರಶ್ನೆ: ಅಮ್ಮನಿಗೆ ತೂಕ ಇಳಿಸುವ ಸ್ಲೀವ್ ಸರ್ಜರಿ ಆಗಿ 16 ದಿನ. ಕುಚ್ಚಲಕ್ಕಿ ಗಂಜಿ ತಿಳಿ, ಬೊಂಡ (ಎಳನೀರು) ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನುತ್ತಾರೆ. ಗಂಜಿಯನ್ನೇ ಗಟ್ಟಿ ಮಾಡಿ ಕೊಡಲೇ? – ಕಾಪು

ಉತ್ತರ: ಬೇಡ. ಜ್ವರ ಬಂದರೂ ಹೊಟ್ಟೆ ಕೆಟ್ಟರೂ ನಮ್ಮ ಕಡೆ ಮೊದಲು ಒಲೆಗೇರುವುದು ಗಂಜಿಯೇ. ಆದರೆ ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದಿರುತ್ತಾರೆ, ಈಗ ಒಮ್ಮೆಗೆ ಹಿಡಿಸುವುದು ಕಾಲು ಲೋಟ. ಅಷ್ಟು ಜಾಗವನ್ನು ಗಂಜಿ ತುಂಬಿಸಿದರೆ ಸಿಗುವ ಪ್ರೋಟೀನ್ ಹೆಚ್ಚೆಂದರೆ ಒಂದೆರಡು ಗ್ರಾಂ. ಬೇಕಾದದ್ದು ದಿನಕ್ಕೆ 60ರಿಂದ 80. ಅದು ಸಿಗದಿದ್ದರೆ ಗಾಯ ಮಾಯುವುದು ತಡವಾಗುತ್ತದೆ, ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ.

ಮೂರನೇ ವಾರದಿಂದ ಸಾಮಾನ್ಯವಾಗಿ ನುಣ್ಣಗೆ ಅರೆದದ್ದನ್ನು ಕೊಡಬಹುದು. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅದೇ ಸರಿ. 200 ಮಿ.ಲೀ. ಕೆನೆ ತೆಗೆದ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಕದಡಿದರೆ ಸುಮಾರು 11 ಗ್ರಾಂ ಪ್ರೋಟೀನ್. ಅಂಥ ಎರಡು ಲೋಟವನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯಲಿ. 30 ಗ್ರಾಂ ಹೆಸರುಬೇಳೆಯ ತೋವೆಯಲ್ಲಿ 7 ಗ್ರಾಂ. ಕಾಯಿ, ಮೆಣಸು ಹಾಕದೆ ಮಿಕ್ಸಿಯಲ್ಲಿ ತಿರುವಿ ಸೋಸಿ, ಎರಡು ಮೂರು ಹೊತ್ತಿಗೆ ಹಂಚಿ. ಮೆತ್ತಗೆ ಕದಡಿ ಬೇಯಿಸಿದ ಒಂದು ಮೊಟ್ಟೆಯಲ್ಲಿ 6 ಗ್ರಾಂ, ಸಣ್ಣ ಬಟ್ಟಲು ಮೊಸರಿನಲ್ಲಿ 4 ಗ್ರಾಂ. ಇಷ್ಟಾದರೂ 40 ದಾಟದು. ಸಕ್ಕರೆ ಇಲ್ಲದ, ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಒಂದು ಅಳತೆ (ಡಬ್ಬದ ಮೇಲೆ 20–25 ಗ್ರಾಂ ಎಂದಿರುತ್ತದೆ) ಸೇರಿಸಿದರೆ ಲೆಕ್ಕ ಕೂಡುತ್ತದೆ. ಪುಡಿ ಎಂದರೆ ಮೂಗು ಮುರಿಯುವ ಹಿರಿಯರು ಬಹಳ. ಈ ಎರಡು ತಿಂಗಳು ಅವರ ಮಾತು ಕೇಳಬೇಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ನಿಗದಿ ಮಾಡಲಿ.

ತಲೆಸುತ್ತನ್ನು ನಾಳೆಗೆ ಬಿಡಬೇಡಿ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ನೀರು ಕಡಿಮೆಯಾಗಿರಬಹುದು: ಕರಾವಳಿಯ ಸೆಕೆಗೆ ಬೆವರಿ ಹೋದದ್ದೂ ಸೇರಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಇಲ್ಲವೇ ಬಿ.ಪಿ., ಶುಗರ್ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲೇ ನುಂಗುತ್ತಿರಬಹುದು. ಊಟ ಇಳಿದ ಮೇಲೆ ಮಾತ್ರೆಯೂ ಇಳಿಯಬೇಕಾಗುತ್ತದೆ, ಅದನ್ನು ವೈದ್ಯರೇ ಇಳಿಸಬೇಕು.

ಪ್ರಶ್ನೆ: ಸರ್ಜರಿ ಆಗಿ ಐದನೇ ವಾರ. ಮೀನು ತಿನ್ನಬಹುದೇ? ನಿನ್ನೆ ನೀರುದೋಸೆ ತಿಂದು ಎದೆಯಲ್ಲಿ ಸಿಕ್ಕಿಕೊಂಡಂತಾಗಿ ವಾಂತಿಯಾಯಿತು. – ಮಲ್ಪೆ

ಉತ್ತರ: ತಿನ್ನಬಹುದು. ಮೊದಲು ಕಾಣೆ ಅಥವಾ ನಂಗ್, ಮಾಂಸ ಮೆತ್ತಗೆ. ಉಪ್ಪು, ಅರಸಿನ ಹಚ್ಚಿ ಹಬೆಯಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಎರಡು ಚಮಚದಷ್ಟು ಪುಡಿಮಾಡಿ ತಿನ್ನಿ. ಬಂಗುಡೆ ಆಮೇಲೆ. ರವಾ ಫ್ರೈ, ಕೋರಿ ರೊಟ್ಟಿ ಸದ್ಯಕ್ಕೆ ಬೇಡ.

ನೀರುದೋಸೆ ನೋಡಲು ಮೆತ್ತಗೆ, ಆದರೆ ಸರಿಯಾಗಿ ಅಗಿಯದಿದ್ದರೆ ಒಳಗೆ ಅಂಟಿ ಮುದ್ದೆಯಾಗುತ್ತದೆ. ಅನ್ನ, ಬ್ರೆಡ್ಡಿನ ಕಥೆಯೂ ಅದೇ. ತುತ್ತು ಕಡಲೆಕಾಳಿನಷ್ಟಿರಲಿ, 20–25 ಬಾರಿ ಅಗಿಯಿರಿ, ಪ್ರತಿ ತುತ್ತಿನ ನಂತರ ಚಮಚ ಕೆಳಗಿಡಿ. ಊಟಕ್ಕೆ ಮೊದಲು, ಆಮೇಲೆ ಅರ್ಧ ಗಂಟೆ ನೀರು ಬೇಡ. ಸಿಕ್ಕಿಕೊಂಡದ್ದನ್ನು ನೀರು ಕುಡಿದು ಇಳಿಸಲು ಹೋದರೆ ವಾಂತಿ ಖಚಿತ. ವಾಂತಿ ಎರಡು ಮೂರು ದಿನ ಮುಂದುವರಿದರೆ ಬಿ1 ಜೀವಸತ್ವ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳಬಹುದು; ಕಾಯಬೇಡಿ.

ಪ್ರಶ್ನೆ: ತೂಕ ಇಳಿಸುವ ಜಠರದ ಬೈಪಾಸ್ ಸರ್ಜರಿ ಆಗಿ ಐದು ತಿಂಗಳು. ಮದುವೆಮನೆಯಲ್ಲಿ ಕಾಶಿ ಹಲ್ವ ತಿಂದ ಇಪ್ಪತ್ತು ನಿಮಿಷಕ್ಕೆ ಬೆವರು, ಎದೆಬಡಿತ, ಭೇದಿ. – ಮೂಡುಬಿದಿರೆ

ಉತ್ತರ: ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಸಕ್ಕರೆ ನೇರ ಸಣ್ಣ ಕರುಳಿಗೆ ನುಗ್ಗಿ ನೀರನ್ನು ಸೆಳೆಯುತ್ತದೆ. ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಸಾಮಾನ್ಯವಾಗಿ ಇಳಿಯುತ್ತದೆ. ಇನ್ನೊಂದು ಬಗೆಯದು ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ, ಆಗ ರಕ್ತದ ಸಕ್ಕರೆ ಕುಸಿದಿರುತ್ತದೆ. ಹಲ್ವದಷ್ಟೇ ಅಲ್ಲ, ಬನ್ಸ್, ಪಾಯಸ, ಬಾಟಲಿ ಜ್ಯೂಸಿನ ಮೇಲೂ ನಿಗಾ ಇರಲಿ.

ಪ್ರಶ್ನೆ: ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಬೆಳಗಿನ ಚಹಾದೊಂದಿಗೆ ನುಂಗಬಹುದೇ? – ಬಂಟ್ವಾಳ

ಉತ್ತರ: ಹಾಗೆ ಮಾಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಎರಡರ ನಡುವೆ ಎರಡು ಗಂಟೆ ಅಂತರವಿರಲಿ, ಚಹಾ ಕಬ್ಬಿಣದಿಂದ ದೂರವಿರಲಿ. ಕ್ಯಾಲ್ಸಿಯಂ ಸಿಟ್ರೇಟ್ ಕೇಳಿ ಪಡೆಯಿರಿ, ಒಮ್ಮೆಗೆ 500–600 ಮಿ.ಗ್ರಾಂ. ಮೀರಬೇಡಿ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಿದರೆ ಗಾಬರಿ ಬೇಡ, ಪ್ರೋಟೀನ್ ಲೆಕ್ಕ ಇನ್ನೊಮ್ಮೆ ನೋಡಿ.